ಸುತ್ತಮುತ್ತ ಹತ್ತು ಬೀಚುಗಳಿರುವಾಗ ಯಾವುದಕ್ಕೆ ಇಳಿಯಬೇಕು?

ಕಡಲತೀರದ ಪ್ರವಾಸಿ ಊರಿಗೆ ಬಂದವರು ಬೀಚ್ ಆರಿಸಿಕೊಳ್ಳುವ ಬಗೆಯನ್ನು ಗಮನಿಸಿದರೆ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಉಳಿಯುವ ಕೋಣೆಗಾಗಿ ಹತ್ತು ಕಡೆ ವಿಚಾರಿಸುವವರೂ ಬೀಚಿನ ವಿಷಯದಲ್ಲಿ ಯಾರೋ ತೆಗೆದ ಒಂದು ಫೋಟೊ ನೋಡಿ ತೀರ್ಮಾನ ಮಾಡಿಬಿಡುತ್ತಾರೆ. ಆ ಫೋಟೊ ಯಾವ ತಿಂಗಳಿನದು, ಉಬ್ಬರದ ಹೊತ್ತಿನದೋ ಇಳಿತದ ಹೊತ್ತಿನದೋ, ಆಗ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು ಎಂಬುದೊಂದೂ ಅದರಿಂದ ತಿಳಿಯುವುದಿಲ್ಲ. ಬೆಳಿಗ್ಗೆ ಮಕ್ಕಳಾಡುವ ಕೊಳದಂತಿದ್ದ ತೀರವೇ ಮಧ್ಯಾಹ್ನ ಮೂರರ ಹೊತ್ತಿಗೆ ದೊಡ್ಡವರೂ ಕಾಲೂರಿ ನಿಲ್ಲಲಾಗದಂತೆ ಬದಲಾಗಬಹುದು. ಆದ್ದರಿಂದ ಬೀಚನ್ನು ಆರಿಸುವಾಗ ಅದರ ಜೊತೆಗೆ ಹೊತ್ತನ್ನೂ ಆರಿಸಬೇಕಾಗುತ್ತದೆ. ಅದಕ್ಕೆ ಅನುಸರಿಸಬಹುದಾದ ಕ್ರಮ ಇಲ್ಲಿದೆ.

ಹಂತ 1: ಯಾರಿಗಾಗಿ ಎಂದು ಮೊದಲು ತೀರ್ಮಾನಿಸಿ

ಈಜುವವರು, ಚಿಕ್ಕ ಮಕ್ಕಳಿರುವವರು, ಬರೀ ನಡೆದಾಡಲು ಬಂದವರು, ಸೂರ್ಯಾಸ್ತ ನೋಡಲು ಬಂದವರು, ಇವರೆಲ್ಲರಿಗೂ ಒಂದೇ ಬೀಚು ಹೊಂದುವುದಿಲ್ಲ. ಗುಂಪಿನಲ್ಲಿ ಈಜು ಬಾರದವರು ಒಬ್ಬರಿದ್ದರೂ ಅವರನ್ನು ಲೆಕ್ಕಕ್ಕೆ ಹಿಡಿದೇ ಆರಿಸಿ.

ಹಂತ 2: ಕೋಣೆಯಲ್ಲೇ ಕುಳಿತು ನಕ್ಷೆ ನೋಡಿ

ಮೊಬೈಲಿನಲ್ಲಿ ಉಪಗ್ರಹ ಚಿತ್ರ ತೋರಿಸುವ ನಕ್ಷೆಯನ್ನು ತೆರೆದು, ಊರಿನ ಎರಡೂ ಬದಿಯ ತೀರವನ್ನು ನಿಧಾನವಾಗಿ ಸರಿಸಿ ನೋಡಿ. ಎರಡು ಗುಡ್ಡಗಳು ಕಡಲಿಗೆ ಚಾಚಿ ನಡುವೆ ಬಾಗಿದ ಮರಳಿದ್ದರೆ, ಆ ಗುಡ್ಡಗಳು ದೊಡ್ಡ ಅಲೆಗಳನ್ನು ತಡೆಯುವುದರಿಂದ ಅಂಥ ಕೊಲ್ಲಿಯೊಳಗಿನ ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಮೈಲುಗಟ್ಟಲೆ ನೇರವಾಗಿ ಹರಡಿರುವ ತೆರೆದ ತೀರ ನಡೆದಾಡಲು ಸೊಗಸಾಗಿದ್ದರೂ, ಕಡಲಿನ ಹೊಡೆತವನ್ನು ಅದು ತಡೆಯಿಲ್ಲದೆ ನೇರವಾಗಿ ತೆಗೆದುಕೊಳ್ಳುತ್ತದೆ. ನದಿ ಅಥವಾ ಹಳ್ಳ ಕಡಲನ್ನು ಸೇರುವ ಅಳಿವೆ, ಬಂದರಿನ ತಡೆಗೋಡೆ, ಊರಿನ ಚರಂಡಿ ಬಂದು ಸೇರುವ ಜಾಗ, ಈ ಮೂರನ್ನು ಗುರುತು ಹಾಕಿಕೊಂಡು ಅವುಗಳ ಅಕ್ಕಪಕ್ಕವನ್ನು ಪಟ್ಟಿಯಿಂದ ತೆಗೆದುಬಿಡಿ. ಅಳಿವೆಯಲ್ಲಿ ಹೊಳೆಯ ಹರಿವು ಮತ್ತು ಇಳಿತದ ನೀರು ಒಟ್ಟಾಗಿ ಹೊರಗೆ ನುಗ್ಗುವುದರಿಂದ, ನೀರಿನ ಮೇಲ್ಮೈ ಎಷ್ಟೇ ಸಮಾಧಾನವಾಗಿ ಕಂಡರೂ ಅದು ಈಜುವ ಜಾಗವಲ್ಲ.

ನಕ್ಷೆಯಲ್ಲಿ ಜನರು ಕೊಟ್ಟಿರುವ ನಕ್ಷತ್ರಗಳನ್ನು ನಂಬಬೇಡಿ. ವಾಹನ ನಿಲ್ಲಿಸಲು ಜಾಗ ಸಿಕ್ಕಿತು ಎಂಬ ಕಾರಣಕ್ಕೆ ಐದು ನಕ್ಷತ್ರ ಕೊಟ್ಟವರಿದ್ದಾರೆ, ಬಂದ ದಿನ ಮಳೆ ಹೊಯ್ದಿತು ಎಂಬ ಕಾರಣಕ್ಕೆ ಒಂದು ಕೊಟ್ಟವರೂ ಇದ್ದಾರೆ.

ಹಂತ 3: ಉಬ್ಬರ-ಇಳಿತದ ವೇಳಾಪಟ್ಟಿ

ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಈ ವ್ಯತ್ಯಾಸ ಕಡಿಮೆ. ಊರಿಂದ ಊರಿಗೆ ಇದು ಎಷ್ಟು ಬೇರೆಯಾಗಬಹುದೆಂದರೆ, ಮೆಡಿಟರೇನಿಯನ್ ತೀರಗಳ ಹೆಚ್ಚಿನ ಕಡೆ ನೀರು ಏರಿಳಿದದ್ದೇ ತಿಳಿಯುವುದಿಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಅದೇ ವ್ಯತ್ಯಾಸ 16 ಮೀಟರಿನವರೆಗೆ ಹೋಗುತ್ತದೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದನ್ನು ಮುಖ್ಯವಾಗಿ ನೆನಪಿಡಬೇಕು. ಇಳಿತದಿಂದ ಉಬ್ಬರಕ್ಕೆ ಹೋಗುವ ಆರು ಗಂಟೆಗಳಲ್ಲಿ ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು ಏರುವ ನೀರು, ನಡುವಿನ ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಒಟ್ಟು ಏರಿಕೆಯ ಅರ್ಧದಷ್ಟನ್ನು ಮುಗಿಸಿಬಿಡುತ್ತದೆ. ಇಳಿತದ ಹೊತ್ತಿನಲ್ಲಿ ಬಂಡೆಗಳನ್ನು ಬಳಸಿ ಪಕ್ಕದ ಪುಟ್ಟ ಬೀಚಿಗೆ ನಡೆದುಹೋಗಿ, ಮೊದಲ ಒಂದು ಗಂಟೆ ನೀರು ಹೆಚ್ಚೇನೂ ಬರಲಿಲ್ಲವಲ್ಲ ಎಂದು ನಿಶ್ಚಿಂತೆಯಿಂದ ಕುಳಿತವರು, ಹಿಂದೆ ಕಡಿದಾದ ಗುಡ್ಡ, ಮುಂದೆ ಏರುವ ನೀರು ಎಂಬ ಸ್ಥಿತಿಗೆ ಸಿಕ್ಕಿಬೀಳುವುದು ಹೀಗೆಯೇ. ಮೆಟ್ಟಿಲಾಗಲಿ ಕಾಲುದಾರಿಯಾಗಲಿ ಇಲ್ಲದ ಬೀಚಿಗೆ ಹೋಗಲೇಬೇಕೆಂದಿದ್ದರೆ ನೀರು ಇನ್ನೂ ಇಳಿಯುತ್ತಿರುವಾಗಲೇ ಹೋಗಿ, ಪೂರ್ಣ ಇಳಿತದ ಹೊತ್ತಿಗೆ ಹೊರಟುಬಿಡಿ.

ಹಂತ 4: ಗಾಳಿ

ಬಿಸಿಲಿಗೆ ನೆಲ ಕಡಲಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನ ಕಡಲಿನಿಂದ ನೆಲದ ಕಡೆಗೆ ಗಾಳಿ ಬೀಸಿ ನೀರನ್ನು ಕಲಕುತ್ತದೆ. ಸಾಮಾನ್ಯವಾಗಿ ಬೆಳಗಿನ ನೀರೇ ಶಾಂತ, ಬೆಳಗಿನ ನೀರೇ ತಿಳಿ. ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ನೀರಿಗಿಳಿದು, ಹನ್ನೊಂದಕ್ಕೆ ಮುಗಿಸುವವರೇ ಜಾಣರು ಎಂಬುದು ನನ್ನ ಖಚಿತ ಅಭಿಪ್ರಾಯ.

ನೆಲದಿಂದ ಕಡಲಿನ ಕಡೆಗೆ ಬೀಸುವ ಗಾಳಿ ಮಾತ್ರ ಮೋಸದ್ದು. ಅದು ಅಲೆಗಳನ್ನು ಅಡಗಿಸಿ ನೀರನ್ನು ಕನ್ನಡಿಯಂತೆ ತೋರಿಸುತ್ತದೆ, ಅದೇ ಹೊತ್ತಿನಲ್ಲಿ ತೇಲುವ ಹಗುರ ವಸ್ತುಗಳನ್ನು ಸದ್ದಿಲ್ಲದೆ ಹೊರಗೆ ಒಯ್ಯುತ್ತದೆ. ಬೀಚಿನಂಗಡಿಗಳಲ್ಲಿ ನೇತುಹಾಕಿರುವ ಬಾತುಕೋಳಿ, ಡೋನಟ್ ಆಕಾರದ ಗಾಳಿ ತುಂಬುವ ತೇಲುಗಳು ಈಜುಕೊಳಕ್ಕಾಗಿ ಮಾಡಿದವು. ಕಡಲಿನಲ್ಲಿ ಅವು ಹಾಯಿಯಂತೆ ಗಾಳಿ ಹಿಡಿಯುತ್ತವೆ, ಮಗು ಕುಳಿತಿರುವ ತೇಲನ್ನು ಹಿಂಬಾಲಿಸಿ ಈಜುವುದು ಒಳ್ಳೆಯ ಈಜುಗಾರನಿಗೂ ಕಷ್ಟ. ಮಕ್ಕಳ ತೋಳಿಗೆ ಕಟ್ಟುವ ಗಾಳಿಚೀಲಗಳನ್ನೂ ಕೊಳ್ಳಬೇಡಿ. ಅವು ಆಟದ ಸಾಮಾನೇ ಹೊರತು ಜೀವರಕ್ಷಕ ಸಾಧನವಲ್ಲ.

ಹಂತ 5: ಹದಿನೈದು ನಿಮಿಷ ನಿಂತು ನೋಡಿ

ಬಹುತೇಕ ಎಲ್ಲರೂ ಬಿಟ್ಟುಬಿಡುವ ಹಂತ ಇದು, ಮಾಡಿದವರಲ್ಲಿಯೂ ಹೆಚ್ಚಿನವರು ತಪ್ಪಾಗಿ ಮಾಡುವುದೂ ಇದನ್ನೇ. ಬೀಚ್ ತಲುಪಿದ ಕೂಡಲೇ ಚಪ್ಪಲಿ ಬಿಟ್ಟು ಓಡಬೇಡಿ. ಮರಳಿಗಿಂತ ಸ್ವಲ್ಪ ಎತ್ತರದಲ್ಲಿರುವ ರಸ್ತೆ, ಮೆಟ್ಟಿಲು ಅಥವಾ ಮರಳದಿಬ್ಬದ ಮೇಲೆ ನಿಂತು ಹದಿನೈದು ನಿಮಿಷ ನೀರನ್ನೇ ನೋಡಿ. ಹದಿನೈದು ನಿಮಿಷ ಏಕೆಂದರೆ, ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ; ಎರಡು ಗುಂಪುಗಳ ನಡುವಿನ ವಿರಾಮದಲ್ಲಿ ಬಂದು ನೋಡಿದವರಿಗೆ ಕಡಲು ಇರುವುದಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ನೀರಿನ ಮೇಲಿನ ಹೊಳಪನ್ನು ಕಳೆಯುವ ಪೋಲರೈಸ್ಡ್ ತಂಪು ಕನ್ನಡಕವಿದ್ದರೆ ಈ ಕೆಲಸ ಸುಲಭ. ಬರೀ ಕಪ್ಪು ಬಣ್ಣದ ಅಗ್ಗದ ಕನ್ನಡಕದಿಂದ ಈ ಉಪಯೋಗವಿಲ್ಲ.

ನೋಡಬೇಕಾದದ್ದು ಅಲೆ ಎಲ್ಲಿ ಒಡೆಯುತ್ತದೆ ಎಂಬುದನ್ನು. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಮಗುಚಿಕೊಂಡು ಒಡೆಯುತ್ತದೆ. ಅಂದರೆ ಒಂದು ಮೀಟರ್ ಎತ್ತರದ ಅಲೆ ಒಡೆಯುವ ಜಾಗದಲ್ಲಿ ನೀರು ಸುಮಾರು ಎದೆಮಟ್ಟದ್ದು. ದೂರದಲ್ಲೇ ಬೆಳ್ಳಗೆ ಒಡೆದು, ನೊರೆಯಾಗಿ ಉರುಳುತ್ತ ನಿಧಾನವಾಗಿ ದಡಕ್ಕೆ ಬರುವ ಅಲೆಗಳಿದ್ದರೆ ತಳ ಮೆಲ್ಲಗೆ ಇಳಿಜಾರಾಗಿದೆ ಎಂದು ತಿಳಿಯಬಹುದು.

ಈಗ ಆ ಬಿಳಿ ನೊರೆಯ ಸಾಲಿನಲ್ಲಿ ಎಲ್ಲಾದರೂ ತುಂಡಾದ ಜಾಗವಿದೆಯೇ ನೋಡಿ. ಎರಡೂ ಬದಿಯಲ್ಲಿ ಅಲೆಗಳು ಒಡೆಯುತ್ತಿದ್ದು, ನಡುವೆ ಕೆಲವೇ ಮೀಟರ್ ಅಗಲದ ಒಂದು ಪಟ್ಟಿಯಲ್ಲಿ ಮಾತ್ರ ನೀರು ಕಡುಬಣ್ಣದ್ದಾಗಿ, ಅಲೆಯೇ ಇಲ್ಲದೆ, ನುಣುಪಾಗಿ ಕಾಣುತ್ತಿದ್ದರೆ ಅದು ರಿಪ್ ಕರೆಂಟ್ ಎಂದು ಕರೆಯುವ ಸೆಳೆತದ ದಾರಿಯಾಗಿರುವ ಸಾಧ್ಯತೆ ಬಹಳ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಬೇಕಲ್ಲ? ಅದು ನೀರಿನಡಿಯ ಮರಳದಿಬ್ಬದಲ್ಲಿ ತಗ್ಗಾದ ಒಂದು ಕಂಡಿಯನ್ನು ಹುಡುಕಿಕೊಂಡು, ಆ ಇಕ್ಕಟ್ಟಿನ ಮೂಲಕ ರಭಸದಿಂದ ಹೊರಗೆ ಹರಿಯುತ್ತದೆ. ಕಂಡಿಯಲ್ಲಿ ಆಳ ಹೆಚ್ಚಾದ್ದರಿಂದ ಅಲೆ ಅಲ್ಲಿ ಒಡೆಯುವುದಿಲ್ಲ, ಆಳ ಹೆಚ್ಚಾದ್ದರಿಂದಲೇ ಬಣ್ಣ ಕಡು. ಅಲೆಗೆ ಹೆದರುವ ತಂದೆತಾಯಂದಿರು ಮಕ್ಕಳನ್ನು ಕರೆದುಕೊಂಡು, ಇಲ್ಲಿ ಅಲೆಯಿಲ್ಲ ಎಂದು ಇಡೀ ಬೀಚಿನಲ್ಲಿ ಸರಿಯಾಗಿ ಆ ಪಟ್ಟಿಯನ್ನೇ ಆರಿಸಿಕೊಂಡು ಇಳಿಯುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ; ಈ ಲೇಖನ ಬರೆಯಲು ಮುಖ್ಯ ಕಾರಣವೇ ಅದು.

ಇನ್ನೂ ಕೆಲವು ಗುರುತುಗಳಿವೆ. ನೊರೆ, ಕಡಲಪಾಚಿ, ಕಸ ದಡದ ಕಡೆಗೆ ಬರುವ ಬದಲು ಒಂದೇ ಸಾಲಾಗಿ ಹೊರಗೆ ತೇಲುತ್ತಿರುವುದು. ಮರಳು ಕದಡಿದ ಕಂದು ನೀರು ಅಲೆ ಒಡೆಯುವ ಸಾಲನ್ನೂ ದಾಟಿ ನಾಲಗೆಯಂತೆ ಚಾಚಿರುವುದು. ಸುತ್ತಲಿನ ನೀರಿಗೆ ಹೋಲಿಸಿದರೆ ಒಂದು ಪಟ್ಟಿಯಲ್ಲಿ ಮಾತ್ರ ಮೇಲ್ಮೈ ಸಣ್ಣಗೆ ಕುದಿಯುವಂತೆ ಕಾಣುವುದು. ಬಂಡೆಗಳ ಮತ್ತು ತಡೆಗೋಡೆಗಳ ಪಕ್ಕದಲ್ಲಿ ಇಂಥ ಸೆಳೆತ ಬಹುಪಾಲು ಕಾಯಂ ಆಗಿಯೇ ಇರುತ್ತದೆ. ಮರಳು ಸರಿದಂತೆ ಉಳಿದ ಕಡೆಯ ಕಂಡಿಗಳು ಜಾಗ ಬದಲಿಸುತ್ತವೆಯಾದ್ದರಿಂದ, ಹೋದ ವರ್ಷ ಇಲ್ಲೇ ಈಜಿದ್ದೆವು ಎಂಬ ಮಾತಿಗೆ ಬೆಲೆಯಿಲ್ಲ. ನೀರು ಕಂಡಿಗಳಲ್ಲೇ ಹರಿಯಬೇಕಾಗುವ ಇಳಿತದ ಹೊತ್ತಿನಲ್ಲಿ ಸೆಳೆತ ಸಾಮಾನ್ಯವಾಗಿ ಬಲವಾಗಿರುತ್ತದೆ. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರನ್ನೂ ಮೀರುತ್ತದೆ, ಒಲಿಂಪಿಕ್ ಈಜುಗಾರರಿಗೂ ಅದರ ಎದುರು ಈಜಿ ಗೆಲ್ಲುವುದು ಅಸಾಧ್ಯ. ಆಸ್ಟ್ರೇಲಿಯಾದ ಕಡಲತೀರ ತಜ್ಞ ರಾಬ್ ಬ್ರಾಂಡರ್ ಇಂಥ ಕಂಡಿಗಳಲ್ಲಿ ನೇರಳೆ ಬಣ್ಣವನ್ನು ನೀರಿಗೆ ಬಿಟ್ಟು, ಸೆಳೆತ ಹೇಗೆ ಹರಿಯುತ್ತದೆ ಎಂಬುದನ್ನು ಜನರ ಕಣ್ಣಿಗೆ ಕಾಣುವಂತೆ ಮಾಡಿದ್ದಾರೆ. ನಮ್ಮ ಬಳಿ ಬಣ್ಣವಿಲ್ಲವಾದ್ದರಿಂದ ನೊರೆಯನ್ನೇ ಬಣ್ಣವೆಂದು ತಿಳಿದು ನೋಡಬೇಕು.

ಅಕಸ್ಮಾತ್ ಸಿಕ್ಕಿಕೊಂಡರೆ ದಡದ ಕಡೆಗೆ ನೇರವಾಗಿ ಈಜಬೇಡಿ. ಸೆಳೆತ ಹೊರಗೆ ಎಳೆಯುತ್ತದೆಯೇ ಹೊರತು ತಳಕ್ಕೆ ಎಳೆಯುವುದಿಲ್ಲ, ಜನ ಮುಳುಗುವುದು ಎದುರು ಈಜಿ ಸುಸ್ತಾಗಿ. ಮೊದಲು ಅಂಗಾತ ತೇಲಿ ಉಸಿರನ್ನು ಹಿಡಿತಕ್ಕೆ ತಂದುಕೊಂಡು, ಕೈಯೆತ್ತಿ ಸಹಾಯ ಕೇಳಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆಗಳು ಬೆಳ್ಳಗೆ ಒಡೆಯುತ್ತಿರುವ ಬದಿಗೆ ಈಜಿ. ಅಲ್ಲಿ ಆಳ ಕಡಿಮೆ, ಅಲೆಗಳೂ ದಡಕ್ಕೆ ತಳ್ಳುತ್ತವೆ.

ಹಂತ 6: ಮರಳಿನ ಇಳಿಜಾರು

ಒದ್ದೆ ಮರಳನ್ನು ಅಂಗೈಯಲ್ಲಿ ತೆಗೆದುಕೊಂಡು ನೋಡಿ. ನುಣ್ಣನೆಯ ಮರಳಿನ ಬೀಚು ಸಾಮಾನ್ಯವಾಗಿ ಚಪ್ಪಟೆಯಾಗಿಯೂ ದಪ್ಪ ಮರಳಿನದ್ದು ಕಡಿದಾಗಿಯೂ ಇರುತ್ತದೆ. ಕಡಿದಾದ ಬೀಚಿನಲ್ಲಿ ಎರಡು ಹೆಜ್ಜೆಗೇ ಆಳ ಬರುತ್ತದೆ, ಅಲೆ ದಡದ ಅಂಚಿನಲ್ಲೇ ಮೇಲೆದ್ದು ದೊಪ್ಪೆಂದು ಮಗುಚುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಇಂಥ ಅಲೆ ಬೀಳಿಸಿದಾಗ ಕತ್ತು, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಮಕ್ಕಳಿಗೂ ವಯಸ್ಸಾದವರಿಗೂ ಅಂಥ ಬೀಚು ಬೇಡವೇ ಬೇಡ, ಅಲ್ಲಿನ ಮರಳು ಎಷ್ಟೇ ಬಂಗಾರದ ಬಣ್ಣದ್ದಾಗಿರಲಿ.

ಹಂತ 7: ನೀರು ಎಷ್ಟು ಶುದ್ಧ?

ತಿಳಿಯಾಗಿ ಕಂಡದ್ದೆಲ್ಲ ಶುದ್ಧವಲ್ಲ, ಕಲಕಿದ್ದೆಲ್ಲ ಕೊಳಕೂ ಅಲ್ಲ. ಜೋರು ಮಳೆಯಾದ ಮೇಲೆ ಊರಿನ ಹೊಲಸೆಲ್ಲ ಕಡಲಿಗೆ ಸೇರುವುದರಿಂದ ಎರಡು-ಮೂರು ದಿನ ಊರೊಳಗಿನ ಬೀಚುಗಳಿಗೆ ಇಳಿಯದಿರುವುದು ಒಳ್ಳೆಯದು. ಬ್ಲೂ ಫ್ಲ್ಯಾಗ್ ಮಾನ್ಯತೆಯಿದ್ದರೆ ಅದನ್ನು ಗಣನೆಗೆ ತೆಗೆದುಕೊಳ್ಳಿ. 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಈ ಮಾನ್ಯತೆಗೆ ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಸುರಕ್ಷತೆ ಮುಂತಾದವುಗಳಿಗೆ ಸಂಬಂಧಿಸಿದ 33 ಮಾನದಂಡಗಳಿವೆ. ಒಮ್ಮೆ ಪಡೆದರೆ ಸಾಲದು, ಪ್ರತಿ ಋತುವಿಗೂ ಹೊಸದಾಗಿ ಪಡೆಯಬೇಕು. ಹಳೆಯ ಫಲಕ ನೋಡಿ ಮೋಸಹೋಗದೆ ಈ ವರ್ಷದ್ದೇ ಎಂದು ಖಚಿತಪಡಿಸಿಕೊಳ್ಳಿ. ಆದರೆ ನೀಲಿ ಬಾವುಟ ಇವತ್ತಿನ ಅಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಅದನ್ನು ಹೇಳುವುದು ಜೀವರಕ್ಷಕರು ನೆಡುವ ಬಾವುಟಗಳು. ಅಂತರರಾಷ್ಟ್ರೀಯ ರೂಢಿಯಲ್ಲಿ ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇರುವ ಎರಡು ಬಾವುಟಗಳ ನಡುವಿನದು ಜೀವರಕ್ಷಕರ ಕಾವಲಿರುವ ಜಾಗ, ಈಜಬೇಕಾದದ್ದು ಅಲ್ಲಿಯೇ. ಬರೀ ಹಳದಿಯಿದ್ದರೆ ಎಚ್ಚರಿಕೆ, ಕೆಂಪಾದರೆ ಹೆಚ್ಚಿನ ಅಪಾಯ, ಎರಡು ಕೆಂಪು ಒಟ್ಟಿಗಿದ್ದರೆ ನೀರಿಗೆ ಪ್ರವೇಶವೇ ಇಲ್ಲ. ನೇರಳೆ ಬಣ್ಣದ್ದು ಲೋಳೆಮೀನಿನಂಥ ಕಡಲ ಜೀವಿಗಳ ಕಾಟವನ್ನೂ, ಕಪ್ಪು-ಬಿಳಿ ಚೌಕಗಳದ್ದು ಸರ್ಫಿಂಗ್ ಹಲಗೆ ಮುಂತಾದವುಗಳಿಗೆ ಮೀಸಲಾದ ಜಾಗವನ್ನೂ ಸೂಚಿಸುತ್ತದೆ. ಯಾವ ಬಾವುಟವೂ ಇಲ್ಲದಿದ್ದರೆ ಅಪಾಯವಿಲ್ಲ ಎಂದು ಅರ್ಥವಲ್ಲ, ನೋಡಿಕೊಳ್ಳುವವರು ಯಾರೂ ಇಲ್ಲ ಎಂದಷ್ಟೇ ಅರ್ಥ. ಮನುಷ್ಯರೇ ಇಲ್ಲದ ಬೀಚು ಬೇಕು ಎಂದು ಹುಡುಕಿಕೊಂಡು ಹೋಗುವವರು ಅಲ್ಲಿ ಬೇಕಾದಷ್ಟು ನಡೆಯಲಿ, ಕುಳಿತುಕೊಳ್ಳಲಿ. ಈಜುವುದಕ್ಕೆ ಮಾತ್ರ ಜೀವರಕ್ಷಕರಿರುವ ಬೀಚಿಗೇ ಬರಲಿ. ಜೀವರಕ್ಷಕರಿದ್ದರೆ ಅವರನ್ನೇ ಹೋಗಿ ಕೇಳಿ, ಯಾವ ಹೊತ್ತಿಗೆ ಎಲ್ಲಿ ಇಳಿಯಬಹುದೆಂದು ಎರಡೇ ಮಾತಿನಲ್ಲಿ ಹೇಳುತ್ತಾರೆ.

ಹಂತ 8: ಉಳಿದದ್ದು

ನೆರಳು, ಕುಡಿಯುವ ನೀರು, ಶೌಚಾಲಯ, ಹಿಂದಿರುಗಲು ವಾಹನ. ಇವಿಷ್ಟೂ ಇವೆಯೇ ನೋಡಿಕೊಳ್ಳಿ. ಕಪ್ಪು ಮರಳಿನ ಬೀಚಾದರೆ ನಡುಹಗಲಿನಲ್ಲಿ ಅಂಗಾಲು ಸುಡುತ್ತದೆ, ಚಪ್ಪಲಿಯನ್ನು ವಾಹನದಲ್ಲೇ ಬಿಟ್ಟುಬರಬೇಡಿ.

ಹಂತ 9: ಮರುದಿನದ ಲೆಕ್ಕ

ಒಂದು ಬೀಚು ಚೆನ್ನಾಗಿತ್ತು ಎಂದಾದರೆ ಅದರ ಹೆಸರಿನ ಜೊತೆಗೆ, ಆಗ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನೂ ಗಂಟೆಯನ್ನೂ ಬರೆದಿಟ್ಟುಕೊಳ್ಳಿ. ಉಬ್ಬರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುವುದರಿಂದ, ಇಂದು ಎಂಟು ಗಂಟೆಗೆ ಕಂಡ ನೀರಿನ ಮಟ್ಟ ನಾಳೆ ಸಿಗುವುದು ಒಂಬತ್ತರ ಹತ್ತಿರಕ್ಕೆ. ಒಂದು ವಾರ ಕಳೆಯುವಷ್ಟರಲ್ಲಿ ಈ ವ್ಯತ್ಯಾಸ ಸುಮಾರು ಆರು ಗಂಟೆಯಾಗಿ, ಅದೇ ಎಂಟು ಗಂಟೆಗೆ ಉಬ್ಬರವಿದ್ದ ಜಾಗದಲ್ಲಿ ಇಳಿತವಿರುತ್ತದೆ. ವಾರಕ್ಕಿಂತ ಹೆಚ್ಚು ಉಳಿಯುವವರು ವೇಳಾಪಟ್ಟಿಯನ್ನು ಮತ್ತೆ ತೆರೆದು ಮೂರನೆಯ ಹಂತದಿಂದ ಆರಂಭಿಸಬೇಕು.