ಹರೆಯದ ಹುಂಜವನ್ನು ಅಂಕೆಯಲ್ಲಿಡುವುದು ಹೇಗೆ?

ಹೇಂಟೆಯೊಂದು ಹತ್ತು ಮೊಟ್ಟೆಗೆ ಕಾವು ಕೂತರೆ ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಆಗಿರುತ್ತವೆ. ಅವುಗಳಲ್ಲಿ ಬಹುಪಾಲು ಹಬ್ಬಕ್ಕೋ ನೆಂಟರ ಊಟಕ್ಕೋ ಸಂತೆಗೋ ಹೋದ ಮೇಲೆ, ತಳಿ ಮುಂದುವರಿಯಲೆಂದು ಒಂದನ್ನು ಉಳಿಸಿಕೊಳ್ಳುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಅಲ್ಲಿಯವರೆಗೆ ಕಾಲಡಿಯಲ್ಲಿ ಸುಳಿದಾಡುತ್ತಿದ್ದ ಆ ಹುಂಜ, ನಾಲ್ಕೈದು ತಿಂಗಳು ತುಂಬುತ್ತಿದ್ದಂತೆ ಒಂದು ಬೆಳಿಗ್ಗೆ ಅಂಗಳ ಗುಡಿಸುವವರ ಪೊರಕೆಯ ಮೇಲೆ ಎಗರುತ್ತದೆ. ಕೆಲವೇ ದಿನಗಳಲ್ಲಿ ಪೊರಕೆ ಬಿಟ್ಟು ಕಾಲಿಗೇ ಬರುತ್ತದೆ. ಆ ಹಂತದಿಂದ ವರ್ಷ ತುಂಬುವವರೆಗೆ ಸಾಕುವವರು ಅದರೊಂದಿಗೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಅದು ಮನೆಗೆ ಒಗ್ಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿಂತಿದೆ. ತಳಿಯ ಪಾಲೂ ಇಲ್ಲದಿಲ್ಲ, ಆದರೆ ಅದನ್ನು ಊಹಿಸುವುದು ಸುಲಭವಲ್ಲ: ಕಾಳಗಕ್ಕೆಂದೇ ಬೆಳೆದುಬಂದ ಅಸೀಲ್ ಹುಂಜ ಇನ್ನೊಂದು ಹುಂಜವನ್ನು ಕಂಡರೆ ಜೀವದ ಹಂಗು ತೊರೆದು ಬಡಿದಾಡಿದರೂ ಮನುಷ್ಯರ ಕೈಗೆ ಸಾಮಾನ್ಯವಾಗಿ ಸಾಧುವಾಗಿಯೇ ಸಿಗುತ್ತದೆ.

ಮೊದಲು ಮಾಡಬೇಕಾದ ಕೆಲಸ, ಒಂದೆರಡು ಸಂಜೆ ಸುಮ್ಮನೆ ಕೂತು ನೋಡುವುದು. ಕೋಳಿಗಳ ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಕಟ್ಟುನಿಟ್ಟಾದ ಶ್ರೇಣಿ ಇರುತ್ತದೆಂದು ನಾರ್ವೆಯ ಪ್ರಾಣಿಶಾಸ್ತ್ರಜ್ಞ ತೋರ್ಲೈಫ್ ಶೆಲ್ಡೆರುಪ್ ಎಬ್ಬೆ 1920ರ ದಶಕದ ಆರಂಭದಲ್ಲೇ ವಿವರಿಸಿದ್ದರು. ಹರೆಯದ ಹುಂಜ ಈ ಏಣಿಯ ಕೆಳಗಿನ ಮೆಟ್ಟಿಲಿನಿಂದ ಏರುತ್ತಾ ಬರುತ್ತದೆ. ಮೊದಲು ಎಳೆಯ ಹೇಂಟೆಗಳು, ಆಮೇಲೆ ಬಲಿತ ಹೇಂಟೆಗಳು, ಕೊನೆಗೆ ದಿನವೂ ಅಂಗಳಕ್ಕೆ ಬರುವ ಮನುಷ್ಯರು. ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು ಹೇಂಟೆಯ ಸುತ್ತ ಅಡ್ಡಡ್ಡ ಹೆಜ್ಜೆ ಹಾಕುವುದು, ಕತ್ತಿನ ಗರಿ ನಿಮಿರಿಸುವುದು, ಹೊತ್ತುಗೊತ್ತಿಲ್ಲದೆ ಕೂಗುವುದು ಇವೆಲ್ಲ ವಯೋಸಹಜ. ಆಹಾರ ಸಿಕ್ಕಾಗ ಅದು ನಡೆದುಕೊಳ್ಳುವ ರೀತಿಯನ್ನಂತೂ ಹತ್ತಿರದಿಂದ ನೋಡಬೇಕು. ಬಲಿತ ಒಳ್ಳೆಯ ಹುಂಜ ಗೆದ್ದಲನ್ನು ಕಂಡರೆ ಅದನ್ನು ಕೊಕ್ಕಿನಲ್ಲಿ ಎತ್ತಿ, ಬೀಳಿಸಿ, ಮತ್ತೆ ಎತ್ತಿ, ಕುಕ್ ಕುಕ್ ಎಂದು ಬೇಗಬೇಗನೆ ಕರೆದು, ಹೇಂಟೆ ಬಂದು ತಿನ್ನುವವರೆಗೆ ಕಾಯುತ್ತದೆ. ಎಳೆಯದು ಹಾಗೆಯೇ ಕರೆದು, ಹೇಂಟೆ ಹತ್ತಿರ ಬರುವಷ್ಟರಲ್ಲಿ ತಾನೇ ನುಂಗಿಬಿಡುತ್ತದೆ. ಕೆಲವು ಹುಂಜಗಳು ಏನೂ ಇಲ್ಲದ ನೆಲವನ್ನು ತೋರಿಸಿ ಕರೆಯುವಷ್ಟು ಚಾಲಾಕಿಗಳೂ ಹೌದು. ದಿನ ಕಳೆದಂತೆ ತಿನ್ನಲು ಬಿಟ್ಟುಕೊಡುವುದನ್ನು ಕಲಿಯುತ್ತಿರುವ ಹುಂಜ ಉಳಿಸಿಕೊಳ್ಳಲು ಯೋಗ್ಯವಾದದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ನನಗೆ ಕಂಡಿಲ್ಲ.

ಲೆಕ್ಕ ಮತ್ತು ಜಾಗ

ಪುಂಡಾಟಿಕೆಯ ಬಹುಪಾಲು ಕಾರಣ ಹುಂಜದ ಸ್ವಭಾವಕ್ಕಿಂತ ಹಿಂಡಿನ ಲೆಕ್ಕದಲ್ಲಿರುತ್ತದೆ. ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆಗಳಿದ್ದರೆ ಸರಿ. ಮೂರೇ ಹೇಂಟೆಗಳಿದ್ದಲ್ಲಿ ಅವೇ ಪದೇ ಪದೇ ತುಳಿತಕ್ಕೊಳಗಾಗಿ, ನೆತ್ತಿಯ ಮತ್ತು ಬೆನ್ನಿನ ಗರಿ ಉದುರಿ ಚರ್ಮ ಕಾಣತೊಡಗುತ್ತದೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯ ಹುಂಜವನ್ನು ನಾಟಿ ಹೇಂಟೆಗಳ ನಡುವೆ ಬಿಟ್ಟವರಂತೂ ಇದನ್ನು ಮರೆಯಬಾರದು. ಅದರ ಭಾರವನ್ನು ಸಣ್ಣ ಹೇಂಟೆಗಳ ಬೆನ್ನು ತಾಳಲಾರದು. ಗರಿ ಹೋದ ಹೇಂಟೆಯನ್ನು ಹೊಸ ಗರಿ ಬರುವವರೆಗೆ ಬೇರೆ ಇಡಬೇಕು, ಇಲ್ಲವೇ ದಪ್ಪ ಬಟ್ಟೆಯ ತುಂಡೊಂದನ್ನು ಬೆನ್ನಿನ ಮೇಲೆ ನಿಲ್ಲುವಂತೆ ರೆಕ್ಕೆಬುಡಕ್ಕೆ ಸಡಿಲವಾಗಿ ಕಟ್ಟಬೇಕು. ಮೇವಿನ ತಟ್ಟೆ ಒಂದೇ ಇದ್ದರೆ ಹುಂಜ ಅದರ ಕಾವಲಿಗೆ ನಿಲ್ಲುವುದರಿಂದ, ನುಚ್ಚನ್ನೂ ನೀರನ್ನೂ ಎರಡು ಮೂರು ಕಡೆ ದೂರದೂರಕ್ಕೆ ಇಡುವುದು ಲೇಸು. ಹೇಂಟೆಗಳು ಕಣ್ಮರೆಯಾಗಲು ಒಂದು ಹಳೆಯ ಬುಟ್ಟಿ, ಸೌದೆಯ ಒಟ್ಟಿಲು, ದಾಸವಾಳದ ಪೊದೆ ಇಷ್ಟಿದ್ದರೂ ಸಾಕು.

ಎರಡು ಹುಂಜ ಸಾಕುವ ಆಸೆ ಇದ್ದವರು ಒಟ್ಟಿಗೆ ಬೆಳೆದ ಒಡಹುಟ್ಟುಗಳನ್ನೇ ಆರಿಸಿಕೊಳ್ಳಬೇಕು, ಮತ್ತು ಇಪ್ಪತ್ತರ ಹತ್ತಿರ ಹೇಂಟೆಗಳೂ ಸಾಕಷ್ಟು ಹರವಾದ ಹಿತ್ತಲೂ ಇರಬೇಕು. ಇಲ್ಲದಿದ್ದರೆ ಒಂದೇ ಸಾಕು. ಬರೀ ಮೊಟ್ಟೆ ಬೇಕಾದವರಿಗೆ ಹುಂಜದ ಅಗತ್ಯವೇ ಇಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಅದರಿಂದ ಮರಿಯಾಗದು ಅಷ್ಟೆ.

ಮೈಮೇಲೆ ಬಂದಾಗ

ಎಗರುವ ಮುನ್ನ ಹುಂಜ ಸೂಚನೆ ಕೊಟ್ಟೇ ಕೊಡುತ್ತದೆ. ತಲೆ ತಗ್ಗಿಸುತ್ತದೆ, ಕತ್ತಿನ ಗರಿ ಬಿಚ್ಚಿಕೊಳ್ಳುತ್ತದೆ, ಒಂದು ಕಣ್ಣನ್ನು ನಮ್ಮ ಕಡೆಗಿಟ್ಟು ಓರೆಯಾಗಿ ಸರಿಯುತ್ತದೆ, ತಿನ್ನಲು ಏನೂ ಇಲ್ಲದಿದ್ದರೂ ನೆಲವನ್ನು ಕುಕ್ಕುತ್ತದೆ. ಆಗ ಓಡಿದರೆ ಸೋತು ಓಡಿದಿರಿ ಎಂದೇ ಅದು ತಿಳಿಯುತ್ತದೆ. ಕಾಲಿನಿಂದ ಒದ್ದರೆ ಅಥವಾ ಕೋಲೆತ್ತಿದರೆ ಎದುರಾಳಿ ಕಾಳಗಕ್ಕೆ ಒಪ್ಪಿದ ಎಂದು ತಿಳಿದು ಮರುದಿನ ಇನ್ನಷ್ಟು ಸಿದ್ಧವಾಗಿ ಬರುತ್ತದೆ. ಹೊಡೆದು ಪಳಗಿಸಿದೆವು ಎನ್ನುವವರ ಮನೆಯ ಹುಂಜ ಹೊಡೆದವರನ್ನು ಬಿಟ್ಟು ಮನೆಯ ಮಕ್ಕಳ ಮೇಲೆ ಎಗರುವುದು ಅಪರೂಪವೇನಲ್ಲ. ಮಾಡಬೇಕಾದುದೆಂದರೆ, ದಪ್ಪ ಪ್ಯಾಂಟು ಮತ್ತು ಗಂಬೂಟು ತೊಟ್ಟು, ನಿಂತಲ್ಲೇ ಅದರ ಕಡೆ ತಿರುಗಿ, ಅದು ತಾನಾಗಿ ದೃಷ್ಟಿ ತಪ್ಪಿಸಿ ಮೇಯತೊಡಗುವವರೆಗೆ ಅಲುಗಾಡದೆ ನಿಲ್ಲುವುದು. ಆಮೇಲೆ ನಿಮ್ಮ ಕೆಲಸವನ್ನು ಅವಸರವಿಲ್ಲದೆ ಮುಂದುವರಿಸಬೇಕು. ಗಾಳಿಗೆ ಹಾರುವ ಸೆರಗು, ಲುಂಗಿ, ಬೀಸುವ ಪೊರಕೆ, ನೆಲಕ್ಕೆ ಬಾಗಿದ ಮೈ ಇವು ಅದನ್ನು ಹೆಚ್ಚು ಕೆರಳಿಸುವುದರಿಂದ, ಸ್ವಭಾವ ತಿಳಿಯಾಗುವವರೆಗೆ ಅಂಗಳ ಗುಡಿಸುವ ಹೊತ್ತಿನಲ್ಲಿ ಅದನ್ನು ಗೂಡಿನಲ್ಲೇ ಬಿಡುವುದು ಜಾಣತನ.

ಅಷ್ಟಕ್ಕೂ ಬಗ್ಗದಿದ್ದರೆ ಎತ್ತಿಕೊಳ್ಳಬೇಕು. ಹಗಲಲ್ಲಿ ಅಟ್ಟಾಡಿಸಿ ಹಿಡಿಯಲು ಹೋಗದೆ, ಕತ್ತಲಾದ ಮೇಲೆ ಅಡ್ಡೆಯ ಮೇಲೆ ಮುದುಡಿ ಕೂತಾಗ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತು ಹದಿನೈದು ನಿಮಿಷ ಓಡಾಡಬೇಕು. ಒದ್ದಾಟ ನಿಂತು ಮೈ ಸಡಿಲವಾದ ಮೇಲೆಯೇ ಕೆಳಗಿಳಿಸಬೇಕು. ಒದ್ದಾಡುತ್ತಿರುವಾಗಲೇ ಬಿಟ್ಟರೆ ಒದ್ದಾಡಿದರೆ ಬಿಡುತ್ತಾರೆಂಬ ಪಾಠ ಅದಕ್ಕಾಗುತ್ತದೆ. ಸಂತೆಯಲ್ಲಿ ಮಾಡುವಂತೆ ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸಿದರೆ ಹುಂಜ ಸುಮ್ಮನಾಗುವುದು ನಿಜ. ಆದರೆ ಹಕ್ಕಿಗಳಿಗೆ ಎದೆ ಮತ್ತು ಹೊಟ್ಟೆಯ ನಡುವೆ ನಮಗಿರುವಂಥ ವಪೆಯಿಲ್ಲದ ಕಾರಣ ಕರುಳಿನ ಭಾರವೆಲ್ಲ ಉಸಿರಾಟದ ಚೀಲಗಳ ಮೇಲೆ ಬಿದ್ದು ಉಸಿರು ಕಟ್ಟುತ್ತದೆ. ಅದನ್ನು ಶಾಂತಿಯೆಂದು ತಪ್ಪು ತಿಳಿಯಬಾರದು.

ಇದರ ಮೇಲೂ ದಿನವೂ ಎಗರುವ ಹುಂಜವನ್ನು ಹಿಂಡು ಕಾಣುವಂತೆ, ಆದರೆ ಹಿಂಡಿನೊಳಗೆ ಬೆರೆಯದಂತೆ, ಜಾಲರಿಯ ಪಂಜರದಲ್ಲಿ ನಾಲ್ಕೈದು ದಿನ ಇಟ್ಟು ಬಿಟ್ಟು ನೋಡಬಹುದು. ಶ್ರೇಣಿಯಲ್ಲಿ ತನ್ನ ಸ್ಥಾನ ಸಡಿಲವಾಗಿರುವುದರಿಂದ ಕೆಲವು ಹುಂಜಗಳು ತಣ್ಣಗಾಗಿ ಹೊರಬರುತ್ತವೆ. ಅತಿ ಮುದ್ದೂ ಬೇಡ. ಮರಿಯಿಂದ ತೊಡೆಯ ಮೇಲೆ ಕೂರಿಸಿಕೊಂಡು ಕೈತುತ್ತು ತಿನ್ನಿಸಿದ ಹುಂಜಕ್ಕೆ ಮನುಷ್ಯರ ಅಂಜಿಕೆ ಇರುವುದಿಲ್ಲ, ಮುಂದೆ ಸವಾಲು ಹಾಕುವುದರಲ್ಲಿ ಅದೇ ಮೊದಲಾಗುತ್ತದೆ. ಮೇವನ್ನು ನೆಲಕ್ಕೆ ಎರಚಿ, ಹೇಂಟೆಗಳನ್ನು ಕರೆಯುವ ಕೆಲಸವನ್ನು ಅದಕ್ಕೇ ಬಿಟ್ಟುಕೊಡಬೇಕು.

ಕಾಲಿನ ಮುಳ್ಳು ಮೊದಲ ವರ್ಷದಲ್ಲಿ ಗುಬುಟಿನಷ್ಟೇ ಇದ್ದು, ಆಮೇಲೆ ಚೂಪಾಗಿ ಬೆಳೆಯುತ್ತದೆ. ಅದರ ಒಳಗೆ ರಕ್ತ ಹರಿಯುವ ಎಲುಬಿದೆ. ಆದ್ದರಿಂದ ಬುಡಕ್ಕೆ ಕತ್ತರಿ ಹಾಕದೆ, ತುದಿಯ ಎರಡು ಮೂರು ಮಿಲಿಮೀಟರನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಬೇಕು. ಮುಳ್ಳು ಮನುಷ್ಯರಿಗೆ ಚುಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಐದಾರು ವರ್ಷದೊಳಗಿನ ಮಕ್ಕಳ ಮುಖ ಹುಂಜ ಎಗರುವ ಎತ್ತರಕ್ಕೇ ಇರುವುದರಿಂದ, ಒಮ್ಮೆಯಾದರೂ ಮೈಮೇಲೆ ಬಂದ ಹುಂಜವಿರುವ ಅಂಗಳಕ್ಕೆ ಅವರನ್ನು ಒಬ್ಬರೇ ಬಿಡಲೇಬಾರದು.

ಕೂಗಿನ ವಿಷಯದಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಮುಂಜಾವಿನ ಕೂಗನ್ನು ಬೆಳಕಿಗಿಂತ ಹೆಚ್ಚಾಗಿ ಹುಂಜದ ಮೈಯೊಳಗಿನ ಗಡಿಯಾರವೇ ನಡೆಸುತ್ತದೆಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿಕೊಟ್ಟರು. ಗೂಡನ್ನು ಕತ್ತಲು ಮಾಡಿದರೆ ಸದ್ದು ತುಸು ತಗ್ಗೀತು, ನಿಲ್ಲದು. ಗೋಡೆಗೆ ಗೋಡೆ ತಾಗಿದ ಪಟ್ಟಣದ ಮನೆಗಳಲ್ಲಿ ಹುಂಜವನ್ನು ಇಟ್ಟುಕೊಳ್ಳದಿರುವುದೇ ನೆರೆಹೊರೆಗೆ ಹಿತ.

ಬದಲಿಸಬೇಕಾಗಿ ಬಂದರೆ

ಇಷ್ಟೆಲ್ಲ ಮಾಡಿಯೂ ಒಂದೂವರೆ ವರ್ಷಕ್ಕೆ ಸರಿಹೋಗದ ಹುಂಜವನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸಿಡುಕು ಸ್ವಭಾವ ಮರಿಗಳಿಗೂ ಹರಿದುಬರುವುದರಿಂದ ಅದರ ಮೊಟ್ಟೆಗಳನ್ನು ಕಾವಿಗಿಡುವುದೂ ಬೇಡ. ಅಡುಗೆಮನೆ ಅದಕ್ಕೆ ನ್ಯಾಯವಾದ ದಾರಿಯೇ. ಕರಾವಳಿಯ ಕಡೆ ಇಂಥ ಹುಂಜವನ್ನು ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಕೇಳಿಕೊಂಡು ಬರುವವರಿದ್ದಾರೆ; ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವಾದುದರಿಂದ ಅವರಿಗೆ ಕೊಡದಿರುವುದು ಒಳ್ಳೆಯದು. ಹೊಸ ಹುಂಜ ತಂದರೆ ಕೊಕ್ಕರೆ ರೋಗದ (ರಾಣಿಖೇತ್ ಎಂದೂ ಕರೆಯುವ ಕೋಳಿರೋಗದ) ಲಸಿಕೆಯಾಗಿದೆಯೇ ಎಂದು ವಿಚಾರಿಸಿ, ಎರಡು ಮೂರು ವಾರ ದೂರದಲ್ಲಿ ಬೇರೆಯಾಗಿಟ್ಟು, ಆಮೇಲೆ ರಾತ್ರಿಯ ಹೊತ್ತು ಹೇಂಟೆಗಳ ಪಕ್ಕ ಅಡ್ಡೆಯ ಮೇಲೆ ಕೂರಿಸಬೇಕು. ಹಳೆಯ ಹುಂಜ ಹೋದ ಎರಡು ವಾರಗಳವರೆಗೂ ಅದರ ಬೀಜ ಹೇಂಟೆಯ ಮೈಯಲ್ಲಿ ಉಳಿದಿರಬಹುದಾದ್ದರಿಂದ, ಹೊಸ ಹುಂಜದ ಮರಿಗಳೇ ಬೇಕೆನ್ನುವವರು ಅದು ಹಿಂಡು ಸೇರಿದ ಮೂರು ವಾರಗಳ ನಂತರದ ಮೊಟ್ಟೆಗಳನ್ನು ಮಾತ್ರ ಕಾವಿಗೆ ಆರಿಸಿಕೊಳ್ಳಬೇಕು.