ಮಳೆಗಾಲ, ಸಿಂಗಲ್ ಕಲರ್ ಮೆಷಿನ್, ನಾಲ್ಕು ಬಣ್ಣದ ಕವರ್

"ಈ ಮಳೇಲಿ ಸಿಂಗಲ್ ಕಲರ್ ಮೆಷಿನ್‌ನಲ್ಲಿ ಮಲ್ಟಿಕಲರ್ ಹೊಡೀತೀಯಾ? ಸುಮ್ನೆ ಶಿವಕಾಶಿ ಪ್ರೆಸ್‌ಗೆ ಕಳಿಸು ಮಾರಾಯಾ." ಶಿವಮೊಗ್ಗದ ಪ್ರೆಸ್ ಗೆಳೆಯರೆಲ್ಲ ಹೇಳಿದ್ದು ಇದೇ ಮಾತು. ಈ ಸಲ 2,000 ಕವರ್ ಇಲ್ಲೇ ಹೊಡೆದು ಕೊಟ್ಟೆ. ಈ ಮೆಷಿನ್‌ನಲ್ಲಿ ಒಂದು ಸಲಕ್ಕೆ ಒಂದೇ ಬಣ್ಣ, ಹಾಳೆ ನಾಲ್ಕು ಸಲ ಹಾಯಬೇಕು. ಆದರೂ ರಿಜಿಸ್ಟ್ರೇಷನ್, ಅಂದರೆ ಬಣ್ಣದ ಮೇಲೆ ಬಣ್ಣ ಕೂರುವುದು, ಲೆನ್ಸ್ ಇಟ್ಟು ನೋಡಿದರೂ ಸರಿ ಇತ್ತು.

ಅಡಿಕೆ ಸಹಕಾರ ಸಂಘವೊಂದರ ವಾರ್ಷಿಕ ವರದಿ ಅದು. ಮಹಾಸಭೆ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಪ್ರಿಂಟಿಂಗ್ ಯಾವತ್ತೂ ಜಡಿಮಳೆಯಲ್ಲೇ. ಮೊದಲ ವರ್ಷ ಹಳದಿ, ಮೆಜೆಂಟಾ ಚೆನ್ನಾಗಿ ಕೂತವು. ರಾತ್ರಿ ಆರ್ಟ್ ಕಾರ್ಡ್ (ಕವರ್‌ನ ದಪ್ಪ ಕಾಗದ) ಮುಚ್ಚದೆ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಅಂಚೆಲ್ಲ ಹಪ್ಪಳದ ಹಾಗೆ ಅಲೆ ಅಲೆ. ಸಯಾನ್ (ನೀಲಿ) ಹಾಕಿದರೆ ಮೆಷಿನ್ ಹಾಳೆ ಹಿಡಿಯುವ ಗ್ರಿಪ್ಪರ್ ಕಡೆ ಸರಿ, ಬಾಲದ ಎರಡೂ ಮೂಲೆ ಅರ್ಧ ಮಿಲಿಮೀಟರ್ ಆಚೆ. 600 ಹಾಳೆ ರದ್ದಿಗೆ. ಕಾರ್ಡ್, ಪ್ಲೇಟ್ ಸೇರಿ ಐದೂವರೆ ಸಾವಿರ ಹೋಯಿತು. ಸಂಘದ ಕಾರ್ಯದರ್ಶಿ ಆ ಹಾಳೆ ನೋಡಿ, "ಅಕ್ಷರಕ್ಕೆ ನೆರಳು ಕೊಟ್ಟಿದ್ದು ಚೆಂದ ಆಗಿದೆ" ಅಂದರು. ನಾನು ಬಾಯಿ ಬಿಡಲಿಲ್ಲ.

ಮುಂದಿನ ವರ್ಷ ಇನ್ನೊಂದು ಹುಚ್ಚು. ತೀರ್ಥಹಳ್ಳಿ ಕಡೆ ನೆಂಟರ ಮನೆಯ ಅಡಿಕೆ ಡ್ರೈಯರ್ ಸೀಸನ್ ಇಲ್ಲದೆ ಖಾಲಿ ಇತ್ತು. ಕಾರ್ಡ್ ಅದರೊಳಗಿಟ್ಟು ಸಣ್ಣಗೆ ಬೆಂಕಿ ಹಾಕಿಸಿದೆ. ಅಂಚು ಬಿಗಿದು ಹಾಳೆ ತಟ್ಟೆಯ ಹಾಗೆ ಆಯಿತು. ಮೆಷಿನ್‌ಗೆ ಹಾಕಿದ ಮೇಲೆ ಬ್ಲ್ಯಾಂಕೆಟ್ (ಪ್ಲೇಟ್‌ನ ಇಂಕನ್ನು ಹಾಳೆಗೆ ದಾಟಿಸುವ ರಬ್ಬರ್ ಹೊದಿಕೆ) ಮೇಲಿನ ನೀರು, ಗಾಳಿಯ ತೇವ ಎರಡನ್ನೂ ಕುಡಿದು ಮೊದಲಿಗಿಂತ ಜಾಸ್ತಿ ಹಿಗ್ಗಿತು. ಹೊಗೆ ವಾಸನೆ ಬೇರೆ.

ಆಮೇಲೆ ಒಣಗಿಸುವ ಗೊಡವೆಗೇ ಹೋಗಲಿಲ್ಲ. ತೇವ ಏರಿಳಿಯದಿದ್ದರೆ ಸಾಕು ಅಲ್ವಾ? ಮೆಷಿನ್ ಸುತ್ತ ದಪ್ಪ ಪ್ಲಾಸ್ಟಿಕ್ ಪರದೆ ಕಟ್ಟಿ, ಹಳೇ ಎಸಿಯೊಂದನ್ನು ಸುಮಾರು ಹದಿನಾಲ್ಕು ಸಾವಿರಕ್ಕೆ ತಂದು ಹಾಕಿದೆ. "ಮನೇಲಿ ಫ್ಯಾನ್ ಕೆಟ್ಟಿದೆ, ಮೆಷಿನ್‌ಗೆ ಎಸಿ" ಅಂತ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಹೊರಗೆ ಗಾಳಿಯ ತೇವದ ಮೀಟರ್ ಶೇಕಡಾ 90 ತೋರಿಸುವಾಗ ಒಳಗೆ 55ರಿಂದ 60. ಕಾರ್ಡ್ ಪ್ಯಾಕ್ ಒಡೆಯದೆ ಮೂರು ದಿನ ಒಳಗಿಟ್ಟೆ. ಒಂದೊಂದು ಬಣ್ಣ ಮುಗಿದ ಕೂಡಲೇ ಪೈಲ್ ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಪ್ಲೇಟ್‌ಗೆ ಕೊಡುವ ನೀರನ್ನು ಟೋನಿಂಗ್ (ಖಾಲಿ ಜಾಗಕ್ಕೂ ಇಂಕ್ ಹತ್ತುವುದು) ಬರುವ ಅಂಚಿನವರೆಗೂ ಇಳಿಸಿದೆ.

ಗ್ರೇನ್ (ಕಾಗದದ ನಾರಿನ ದಿಕ್ಕು) ಮಾತ್ರ ಸಿಲಿಂಡರ್‌ನ ಉದ್ದಕ್ಕೇ ಇರಬೇಕು. ಕಾಗದ ಹೆಚ್ಚಾಗಿ ಹಿಗ್ಗುವುದು ಗ್ರೇನ್‌ಗೆ ಅಡ್ಡಡ್ಡ. ಆಗ ಆ ಹಿಗ್ಗು ಸಿಲಿಂಡರ್ ಸುತ್ತುವ ದಿಕ್ಕಿಗೆ ಬರುತ್ತದೆ. ಪ್ಲೇಟ್ ಕೆಳಗಿನ ಪ್ಯಾಕಿಂಗ್ (ಎತ್ತರಕ್ಕೆ ಇಡುವ ತೆಳು ಹಾಳೆ) ತೆಗೆದು ಬ್ಲ್ಯಾಂಕೆಟ್ ಕೆಳಗೆ ಹಾಕಿದರೆ ಪ್ರಿಂಟ್ ಅಷ್ಟು ಉದ್ದ ಆಗಿ ಸರಿಹೋಗುತ್ತದೆ. ಯಾವ ಬಣ್ಣಕ್ಕೆ ಎಷ್ಟು ತೆಗೆದೆ ಅಂತ ಹೇಳಲ್ಲ. ಅದಕ್ಕೇ ಎರಡು ಮಳೆಗಾಲ ಹಿಡಿದಿದೆ.

ಡಿಸೈನ್ ಹುಡುಗನ ಜೊತೆಗೂ ಜಗಳ ಆಯಿತು. ಸಂಘದ ಹೆಸರನ್ನು ನಾಲ್ಕೂ ಬಣ್ಣ ಸೇರಿಸಿದ ರಿಚ್ ಬ್ಲ್ಯಾಕ್‌ನಲ್ಲಿ ಇಟ್ಟಿದ್ದ. ಕೂದಲೆಳೆ ಸರಿದರೂ ಒತ್ತಕ್ಷರ ಎರಡೆರಡಾಗಿ ಕಾಣುತ್ತದೆ. ಬರೀ ಕಪ್ಪು ಶೇಕಡಾ 100, ಉಳಿದ ಬಣ್ಣದ ಮೇಲೇ ಬೀಳುವ ಹಾಗೆ ಓವರ್‌ಪ್ರಿಂಟ್ ಮಾಡಿಸಿದೆ. ಹಸಿರು ತೋಟದ ಮೇಲೆ ಬಿಳಿ ಅಕ್ಷರದಲ್ಲಿದ್ದ ವಿಳಾಸವನ್ನೂ ಕಿತ್ತು ಹಿಂಬದಿಗೆ ಹಾಕಿಸಿದೆ. 8 ಪಾಯಿಂಟ್‌ನ 'ಕ್ಷ' ಅಲ್ಲಿ ಇಂಕ್ ತುಂಬಿ ಬರೀ ಮುದ್ದೆ.

ಈ ಸಲ ಮೇಕ್‌ರೆಡಿ (ಶುರುವಿಗೆ ಮೆಷಿನ್ ಹೊಂದಿಸುವ ಕೆಲಸ) ಸೇರಿ ಹಾಳಾಗಿದ್ದು ಅರವತ್ತೋ ಎಪ್ಪತ್ತೋ ಹಾಳೆ. ಶಿವಕಾಶಿಗೆ ಕಳಿಸು ಅಂದಿದ್ದ ಗೆಳೆಯ ಮೊನ್ನೆ ಬಂದು, ಮಾತಿನ ಮಧ್ಯೆ ಸಯಾನ್‌ಗೆ ಎಷ್ಟು ಪ್ಯಾಕಿಂಗ್ ಅಂತ ಕೇಳಿದ. ಒಳ್ಳೆ ಕಾಫಿ ಮಾಡಿಸಿ ಕುಡಿಸಿದೆ.