ಮಕ್ಕಳು, ಮನೆ ಮತ್ತು ಒಂದು ಚಿತ್ರಪುಸ್ತಕ: ಬರೆದು, ಬಿಡಿಸಿ ಮುಗಿಸುವ ಬಗೆ

ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಕಥೆಯನ್ನೂ ಚಿತ್ರಗಳನ್ನೂ ತಾವೇ ಮಾಡಿ 32 ಪುಟಗಳ ಮಕ್ಕಳ ಪುಸ್ತಕ ತರಬೇಕೆಂದಿರುವವರಿಗಾಗಿ ಈ ಬರಹ. ಇಂಥ ಪುಸ್ತಕ ಅರ್ಧಕ್ಕೆ ನಿಲ್ಲಲು ದೊಡ್ಡ ಕಾರಣ, ನಡುವೆ ಎದ್ದು ಹೋಗಲಾಗದ ಕೆಲಸವನ್ನು ಮಗು ಎಚ್ಚರವಿರುವ ಹೊತ್ತಿನಲ್ಲಿ ಹಿಡಿಯುವುದು. ಆಕಾಶಕ್ಕೆ ನೀಲಿ ಹರಡುತ್ತಿರುವಾಗ ಮಗು ಬಿದ್ದು ಅಳುತ್ತದೆ. ಹತ್ತು ನಿಮಿಷ ಬಿಟ್ಟು ಬರುವಷ್ಟರಲ್ಲಿ ಕಾಗದ ಅರೆಬರೆ ಒಣಗಿ, ಮುಂದಿನ ಕುಂಚದ ಎಳೆ ಬಿದ್ದಲ್ಲೆಲ್ಲ ಹೂಕೋಸಿನಂಥ ಕಲೆ. ಆದ್ದರಿಂದ ವೇಳಾಪಟ್ಟಿಗಿಂತ ಮುಂಚೆ ಕೆಲಸಗಳನ್ನು ವಿಂಗಡಿಸಿಕೊಳ್ಳಿ.

ಮೂರು ಗುಂಪು ಸಾಕು. ಯಾವ ಕ್ಷಣದಲ್ಲಾದರೂ ಕೈಬಿಡಬಹುದಾದವು: ಬೆಂಕಿಪೊಟ್ಟಣದಳತೆಯ ಕಿರುಚಿತ್ರಗಳು, ಪೆನ್ಸಿಲ್ ಕರಡು, ಎತ್ತಿನ ಗಾಡಿಯ ಚಕ್ರಕ್ಕೆ ಎಷ್ಟು ಅರ ಎಂಬಂಥ ಹುಡುಕಾಟ, ಸ್ಕ್ಯಾನ್ ಆದ ಚಿತ್ರದ ಧೂಳು ತೆಗೆಯುವುದು, ವಾಕ್ಯ ತಿದ್ದುವುದು. ಅರ್ಧ ಗಂಟೆ ಬಿಡುವು ಬೇಕಾದವು: ಕರಡನ್ನು ಒಳ್ಳೆಯ ಕಾಗದಕ್ಕೆ ಇಳಿಸುವುದು, ಇಂಕಿನ ಗೆರೆ, ಬಣ್ಣ ಬೆರೆಸುವುದು. ಒಂದೂವರೆ ಗಂಟೆ ಯಾರೂ ಕರೆಯಬಾರದಂಥವು: ಒದ್ದೆ ಕಾಗದದ ಮೇಲಿನ ಜಲವರ್ಣ, ಕಥೆಯ ಮೊದಲ ಕರಡು, ಇಡೀ ಪುಸ್ತಕದ ಪುಟ ವಿನ್ಯಾಸ. ಕಥೆಯನ್ನು ಅಡುಗೆ ಮಾಡುತ್ತಲೇ ಹೊಸೆಯಬಹುದು ಎಂದು ಹಲವರು ಅಂದುಕೊಳ್ಳುತ್ತಾರೆ. ಒಂದು ಮಾತು, ಒಂದು ಪ್ರಾಸ ಹೊಳೆಯಬಹುದು, ಅದನ್ನು ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಆದರೆ ಮೊದಲಿನಿಂದ ಕೊನೆಯವರೆಗೆ ಕಥೆಯನ್ನು ಒಂದೇ ಉಸಿರಿನಲ್ಲಿ ನಡೆಸಿ ನೋಡಲು ಕೂತೇ ಆಗಬೇಕು. ದನಿಯಿಂದ ಟೈಪಾದ ಕನ್ನಡವನ್ನು ಅದೇ ರಾತ್ರಿ ತಿದ್ದಿ. ಎರಡು ದಿನ ಬಿಟ್ಟರೆ ತಪ್ಪಾಗಿ ಬಂದ ಪದ ಮೂಲದಲ್ಲಿ ಏನಿತ್ತೆಂದು ನೆನಪಿಗೇ ಬರುವುದಿಲ್ಲ.

ವಾರದ ಹೊತ್ತನ್ನು ಈ ಗುಂಪುಗಳಿಗೆ ಹಂಚಿ. ಮಗು ಶಾಲೆಗೆ ಹೋಗುವ ಮನೆಯಲ್ಲಿ ಬೆಳಗಿನ ಹೊತ್ತು ಮೂರನೆಯ ಗುಂಪಿಗೆ ಮೀಸಲು. ಆ ಹೊತ್ತಿನಲ್ಲಿ ಇಮೇಲ್ ನೋಡುವುದು, ಆನ್‌ಲೈನಿನಲ್ಲಿ ಕುಂಚ ಕೊಳ್ಳುವುದು ದೊಡ್ಡ ನಷ್ಟ. ಅವನ್ನು ಸಂಜೆ, ಹೋಂವರ್ಕಿನ ಪಕ್ಕದಲ್ಲಿ ಕೂತೂ ಮಾಡಬಹುದು.

ಅಸ್ಥಿಪಂಜರ ಮೊದಲು

ಮುದ್ರಣಾಲಯದಲ್ಲಿ ದೊಡ್ಡ ಹಾಳೆಯ ಮೇಲೆ 8 ಅಥವಾ 16 ಪುಟ ಒಟ್ಟಿಗೆ ಅಚ್ಚಾಗಿ ಮಡಿಕೆ ಬೀಳುತ್ತದೆ. ಅದಕ್ಕೇ ಚಿತ್ರಪುಸ್ತಕಗಳಿಗೆ 24, 32 ಎಂಬ ಲೆಕ್ಕ. 32ರಲ್ಲಿ 1ನೇ ಪುಟ ಶೀರ್ಷಿಕೆಗೆ, 2 ಮತ್ತು 3 ಪ್ರಕಾಶನ ವಿವರ, ಅರ್ಪಣೆಗೆ, 32 ಲೇಖಕರ ಪರಿಚಯಕ್ಕೆ ಹೋದರೆ ಕಥೆಗೆ 4ರಿಂದ 31ರವರೆಗೆ, ಅಂದರೆ ಎದುರುಬದುರಿನ 14 ಜೋಡಿ ಪುಟ ಸಿಗುತ್ತವೆ.

ಎಂಟು ಎ4 ಹಾಳೆಗಳನ್ನು ಒಂದರೊಳಗೊಂದು ಇಟ್ಟು ಮಡಿಸಿ, ನಡುವೆ ಎರಡು ಪಿನ್ ಹೊಡೆದರೆ 32 ಪುಟಗಳ ನಕಲು ಪುಸ್ತಕ ಸಿದ್ಧ. ಪೆನ್ಸಿಲಿನಲ್ಲೇ ಮಾತು ಬರೆಯಿರಿ, ಕಡ್ಡಿ ಗೊಂಬೆಗಳನ್ನು ಗೀಚಿ. ನಾಲ್ಕರಿಂದ ಆರು ವರ್ಷದವರಿಗಾದರೆ ಜೋಡಿ ಪುಟಕ್ಕೆ 30 ಪದ ದಾಟದಿದ್ದರೆ ಒಳ್ಳೆಯದು. ಪ್ರಶ್ನೆ, ಕಾತರ ಬಲಪುಟದ ಕೊನೆಗೆ ಬರಲಿ. ಉತ್ತರ ಹಾಳೆ ತಿರುಗಿಸಿದ ಮೇಲೆ ಎಡಪುಟದಲ್ಲಿ. ಎದುರುಬದುರು ಪುಟದಲ್ಲೇ ಎರಡೂ ಇದ್ದರೆ ಮಗುವಿನ ಕಣ್ಣು ಮೊದಲು ಚಿತ್ರಕ್ಕೆ ಹೋಗಿ ಗುಟ್ಟು ಒಡೆದುಹೋಗುತ್ತದೆ. ನಿಮ್ಮ ಮಗುವಿಗೆ ಓದಿ ಹೇಳಿ, ಆದರೆ ಅದರ ತೀರ್ಪನ್ನೇ ನಂಬಬೇಡಿ: ಅದು ನಿಮ್ಮ ದನಿಗೆ ಕೂತಿರುತ್ತದೆ. ಕಥೆ ಗೊತ್ತಿಲ್ಲದ ಇನ್ನೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದ ಕಡೆ ಗುರುತು ಹಾಕಿಕೊಳ್ಳಿ. ಆ ವಾಕ್ಯಗಳನ್ನು ತಿದ್ದಬೇಕು.

ಅಳತೆಯನ್ನು ಈ ಹಂತದಲ್ಲೇ ಗಟ್ಟಿ ಮಾಡಿ. 21×21 ಸೆಂ.ಮೀ. ಪುಸ್ತಕ ನೋಡಲು ಚೆಂದ, ಆದರೆ ಜೋಡಿ ಪುಟ 42 ಸೆಂ.ಮೀ. ಅಗಲವಾಗಿ, ಕತ್ತರಿಸಲು ಎರಡೂ ಅಂಚಿಗೆ ಬಿಡಬೇಕಾದ 3 ಮಿ.ಮೀ. ಸೇರಿದರೆ 42.6 ಆಗುತ್ತದೆ. ಎ3 ಸ್ಕ್ಯಾನರಿನ ಉದ್ದ 42 ಮಾತ್ರ. 20×20 ಇಟ್ಟರೆ 40.6×20.6; ಆರಾಮವಾಗಿ ಕೂರುತ್ತದೆ.

ಮನೆಯಲ್ಲಿ ಎ4 ಸ್ಕ್ಯಾನರ್ ಮಾತ್ರ ಇದ್ದರೂ ದಾರಿಯಿದೆ, ಮಕ್ಕಳಿರುವ ಮನೆಗೆ ಇದೇ ಮೇಲು: ಚಿತ್ರಗಳನ್ನು ಶೇ. 70ರ ಅಳತೆಯಲ್ಲಿ ಬಿಡಿಸಿ. ಆಗ ಜೋಡಿ ಪುಟ ಸುಮಾರು 28.4×14.4 ಸೆಂ.ಮೀ., ಎ4ರೊಳಗೇ ಬರುತ್ತದೆ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ ಹಿಗ್ಗಿಸಿದರೂ 420 ಉಳಿಯುತ್ತದೆ, ಅಚ್ಚಿಗೆ ಬೇಕಾದ್ದು 300. ಚಿಕ್ಕ ಚಿತ್ರ ಬೇಗ ಮುಗಿಯುತ್ತದೆ, ಊಟದ ಮೇಜಿನ ಮೂಲೆಯಲ್ಲೂ ಹಿಡಿಸುತ್ತದೆ. ಒಂದು ಎಚ್ಚರಿಕೆ: ಗೆರೆಯೂ ಹಿಗ್ಗುತ್ತದೆ. 0.3 ಮಿ.ಮೀ. ಪೆನ್ನಿನ ಗೆರೆ ಪುಸ್ತಕದಲ್ಲಿ 0.43ರಷ್ಟು ದಪ್ಪ ಕಾಣುತ್ತದೆ, ಹಾಗಾಗಿ ಒಂದು ಅಳತೆ ಸಣ್ಣ ಪೆನ್ನು ಹಿಡಿಯಿರಿ. ಅಚ್ಚಾದ ಪುಸ್ತಕದ ಲೆಕ್ಕದಲ್ಲಿ ನಡುಮಡಿಕೆಯ ಆಚೀಚೆ ಒಂದೂವರೆ ಸೆಂ.ಮೀ. ಒಳಗೆ ಮುಖ, ಕೈಬೆರಳು, ಅಕ್ಷರ ಬರದಿರಲಿ, ಹೊಲಿಗೆಯಲ್ಲಿ ನುಂಗಿಹೋಗುತ್ತವೆ.

ಯಾವ ಬಣ್ಣ

ಅಡಚಣೆಯ ನಡುವೆ ಕೆಲಸ ಮಾಡುವವರಿಗೆ ಗೌಶ್ (ಕೆಳಗಿನದು ಕಾಣದಂತೆ ಮುಚ್ಚುವ ಮಂದ ಜಲವರ್ಣ) ಮತ್ತು ಬಣ್ಣದ ಪೆನ್ಸಿಲಿನ ಜೋಡಿಗಿಂತ ಒಳ್ಳೆಯದು ಕಂಡಿಲ್ಲ. ಗೌಶ್ ಪ್ಯಾಲೆಟ್ಟಿನಲ್ಲಿ ಒಣಗಿದರೂ ನೀರು ಚಿಮುಕಿಸಿದರೆ ಮತ್ತೆ ಏಳುತ್ತದೆ, ಕುಂಚ ಹಾಳಾಗುವುದಿಲ್ಲ, ಬಣ್ಣ ತುಂಬುತ್ತಿರುವಾಗ ಎದ್ದು ಹೋದರೂ ಅನಾಹುತವಿಲ್ಲ. ಅದರ ದೋಷವೂ ಅಲ್ಲೇ ಇದೆ: ಒಣಗಿದ ಪದರದ ಮೇಲೆ ಒದ್ದೆ ಕುಂಚ ಎರಡು ಸಲ ಉಜ್ಜಿದರೆ ಕೆಳಗಿನ ಬಣ್ಣ ಎದ್ದು ಕೆಸರಾಗುತ್ತದೆ. ಎರಡನೆಯ ಪದರಕ್ಕೆ ನೀರು ಕಡಿಮೆ, ಬಣ್ಣ ಹಾಲಿನ ಕೆನೆಯಷ್ಟು ಮಂದ, ಒಂದೇ ಎಳೆ. ಸಣ್ಣ ವಿವರಗಳನ್ನು ಪೆನ್ಸಿಲಿನಲ್ಲಿ ಮುಗಿಸಿ.

ಅಕ್ರಿಲಿಕ್ ಕುಂಚದಲ್ಲೇ ಒಣಗಿದರೆ ಆ ಕುಂಚ ಕಸಕ್ಕೆ. ಅದನ್ನೇ ಬಳಸುವುದಾದರೆ ಮುಚ್ಚಳವಿರುವ ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಟಿಶ್ಯೂ, ಅದರ ಮೇಲೆ ಬೇಕಿಂಗಿಗೆ ಬಳಸುವ ಬಟರ್ ಪೇಪರ್ ಹಾಸಿ ಬಣ್ಣ ಇಡಿ. ಮುಚ್ಚಿಟ್ಟರೆ ಮರುದಿನವೂ ಮೆತ್ತಗಿರುತ್ತದೆ. ಜಲವರ್ಣಕ್ಕೆ ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂ ಕಾಗದವೇ ಇರಲಿ, ತೆಳು ಕಾಗದ ಅಲೆಅಲೆಯಾಗಿ ಎದ್ದು ಸ್ಕ್ಯಾನರಿನಲ್ಲಿ ನೆರಳು ಬೀಳಿಸುತ್ತದೆ. ನಡುವೆ ಎದ್ದು ಹೋಗಬೇಕಾಗಿ ಬಂದರೆ, ಬಂದ ಮೇಲೆ ಅರೆ ಒಣಗಿದ ಜಾಗ ಮುಟ್ಟಬೇಡಿ. ಪೂರ್ತಿ ಒಣಗಲು ಬಿಟ್ಟು, ಆ ಇಡೀ ಜಾಗಕ್ಕೆ ತಿಳಿನೀರು ಸವರಿ ಇನ್ನೊಂದು ಪದರ ಹಾಕಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾಗದದ ಅಂಟು ಲೇಪ ಕೆಟ್ಟು ಬಣ್ಣ ಅಲ್ಲಲ್ಲಿ ಚುಕ್ಕೆಯಾಗಿ ಹೀರಿಕೊಳ್ಳುತ್ತದೆ. ಹೊಸ ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಚೀಲದಲ್ಲಿ ಇಡಿ. ಕೆಟ್ಟದ್ದನ್ನು ಸರಿಮಾಡಲಾಗದು, ಕರಡಿಗೆ ಬಳಸಿ.

ತಿಂಗಳುಗಟ್ಟಲೆ ಬಿಡಿಬಿಡಿಯಾಗಿ ನಡೆಯುವ ಕೆಲಸದಲ್ಲಿ ಹೆಚ್ಚು ಕಾಡುವ ತೊಂದರೆ ಬೇರೆಯೇ: 6ನೇ ಪುಟದಲ್ಲಿ ಅಜ್ಜಿಯ ಸೀರೆ ಕುಂಕುಮದ ಕೆಂಪು, 22ನೇ ಪುಟಕ್ಕೆ ಬರುವಷ್ಟರಲ್ಲಿ ಇಟ್ಟಿಗೆಯ ಕೆಂಪು. ಇಡೀ ಪುಸ್ತಕಕ್ಕೆ ಆರು ಟ್ಯೂಬು ಮೀರಬೇಡಿ. ಮುಖ್ಯ ಬಣ್ಣಗಳನ್ನು ಒಮ್ಮೆಗೇ ಬೆರೆಸಿ ಗುಳಿಗೆ ಹಾಕಿಡುವಂಥ ಪುಟ್ಟ ಮುಚ್ಚಳದ ಡಬ್ಬಿಗಳಲ್ಲಿ ತುಂಬಿಡಿ. ಚಿತ್ರದ ಕಾಗದದ ಚೂರಿನ ಮೇಲೆಯೇ ಆ ಬಣ್ಣ ಬಳಿದು, ಪಕ್ಕದಲ್ಲಿ "ಕೆಂಪು 3, ಹಳದಿ 1, ಬಿಳಿ ಚಿಟಿಕೆ" ಎಂದು ಬರೆಯಿರಿ. ಬಣ್ಣ ಒಣಗಿದ ಮೇಲೆಯೇ ಹೋಲಿಸಿ, ಗೌಶ್‌ನ ತಿಳಿ ಬಣ್ಣಗಳು ಒಣಗುತ್ತ ತುಸು ಗಾಢವಾಗುತ್ತವೆ, ಗಾಢ ಬಣ್ಣಗಳು ತಿಳಿಯಾಗುತ್ತವೆ. ಪುಟದಿಂದ ಪುಟಕ್ಕೆ ಹೋಗುವ ಬದಲು ಬಣ್ಣದಿಂದ ಬಣ್ಣಕ್ಕೆ ಹೋಗಿ: ಒಂದು ಬೆಳಗ್ಗೆ ಎಲ್ಲ ಪುಟಗಳ ಸೀರೆ, ಇನ್ನೊಂದು ಬೆಳಗ್ಗೆ ಎಲ್ಲ ಪುಟಗಳ ಹುಲ್ಲು. ಪಾತ್ರದ ಎತ್ತರ ಎಷ್ಟು ತಲೆಯಳತೆ, ಜಡೆ ಯಾವ ಭುಜದ ಮೇಲೆ, ಅಂಗಿಗೆ ಎಷ್ಟು ಗುಂಡಿ ಎಂಬುದನ್ನು ಒಂದೇ ಹಾಳೆಯಲ್ಲಿ ಬಿಡಿಸಿ ಗೋಡೆಗೆ ಅಂಟಿಸಿ. ಗುಂಡಿ ತಪ್ಪಿದರೆ ಮಕ್ಕಳು ಖಂಡಿತ ಹಿಡಿಯುತ್ತಾರೆ.

ಎತ್ತಿಡುವ ವ್ಯವಸ್ಥೆ

ಬೇರೆ ಕೋಣೆ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಕೆಲಸ ಹರಡಲು ಎರಡು ನಿಮಿಷ, ಎತ್ತಿಡಲು ಎರಡು ನಿಮಿಷ ಮೀರಬಾರದು. 35×45 ಸೆಂ.ಮೀ. ಪ್ಲೈವುಡ್ ಹಲಗೆಗೆ ಕಾಗದವನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ. ಹಲಗೆ ಸಮೇತ ಎತ್ತಿ ಬೀರುವಿನ ಮೇಲಿಡಬಹುದು. ಉಳಿದದ್ದೆಲ್ಲ ಒಂದು ಟ್ರೇನಲ್ಲಿ. ನೀರಿಗೆ ಅಗಲ ತಳದ, ತಿರುಪು ಮುಚ್ಚಳದ ಬಾಟಲಿ. ಕಾಫಿ ಲೋಟ ಆ ಮೇಜಿನ ಮೇಲೆ ಬೇಡ.

ಕ್ಯಾಡ್ಮಿಯಂ, ಕೋಬಾಲ್ಟ್ ಎಂದು ಟ್ಯೂಬಿನ ಮೇಲಿದ್ದರೆ ಮನೆಗೆ ತರಬೇಡಿ, ಹೊಟ್ಟೆಗೆ ಹೋದರೆ ಕೆಡುಕು ಮಾಡುವ ಲೋಹಗಳವು. ಅದೇ ಹೆಸರಿನ ಮುಂದೆ "ಹ್ಯೂ" ಎಂದಿದ್ದರೆ ಸಾಮಾನ್ಯವಾಗಿ ಬದಲಿ ಬಣ್ಣ, ಚಿತ್ರಪುಸ್ತಕಕ್ಕೆ ಧಾರಾಳ ಸಾಕು. ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಬಿಡಿ, ನೋಡುವ ಮಗುವೂ ಕಲಿಯುತ್ತದೆ. ಪ್ಯಾಲೆಟ್ಟನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ತೊಳೆಯಬೇಡಿ. ಪೆನ್ಸಿಲ್ ಉದುರದಂತೆ ಹೊಡೆಯುವ ಸ್ಪ್ರೇ ತೆರೆದ ಮಾಳಿಗೆಯ ಮೇಲೆ ಮಾತ್ರ. ಮಗುವಿಗೆ ಅದರದೇ ಬಣ್ಣ, ಅದರದೇ ಹಲಗೆ ಕೊಟ್ಟು ಪಕ್ಕದಲ್ಲಿ ಕೂರಿಸಿದರೆ ಇಪ್ಪತ್ತು ನಿಮಿಷ ಸಿಗಬಹುದು. ಆ ಹೊತ್ತಿಗೆ ಮೊದಲ ಗುಂಪಿನ ಕೆಲಸ ಇಟ್ಟುಕೊಳ್ಳಿ. ಮುಗಿದ ಚಿತ್ರವನ್ನು ಅದೇ ದಿನ ಸ್ಕ್ಯಾನ್ ಮಾಡಿ, ಆಗದಿದ್ದರೆ ಹಗಲು ಬೆಳಕಿನಲ್ಲಿ ಫೋಟೋ ತೆಗೆದಾದರೂ ಇಡಿ.

ಗಡುವಿನ ಲೆಕ್ಕ, ಮನೆಯವರ ಜೊತೆ ಮಾತು

ಒಂದು ಜೋಡಿ ಪುಟಕ್ಕೆ ಕರಡು 2 ಗಂಟೆ, ಗೆರೆ 2, ಬಣ್ಣ 5 ಎಂದಿಟ್ಟುಕೊಂಡರೆ 14 ಜೋಡಿಗೆ 126 ಗಂಟೆ. ಮುಖಪುಟಕ್ಕೆ ಒಂದು ಜೋಡಿಯ ಎರಡರಷ್ಟು, 18. ಒಟ್ಟು 144. ವಾರಕ್ಕೆ ನಿಜವಾಗಿ 8 ಗಂಟೆ ಸಿಗುವುದಾದರೆ 18 ವಾರ. ಜ್ವರ, ಮದುವೆ, ಹಬ್ಬಕ್ಕೆ ಮೂರನೆಯ ಒಂದು ಭಾಗ ಸೇರಿಸಿದರೆ 24. ಪ್ರಕಾಶಕರಿಗೆ ಹೇಳಬೇಕಾದ ಅವಧಿ ಆರು ತಿಂಗಳು, ಅದಕ್ಕೂ ಕಥೆ ಒಪ್ಪಿಗೆಯಾದ ಮೇಲಿನಿಂದ. ಮೊದಲ ಎರಡು ಜೋಡಿ ಪುಟ ಮುಗಿದಾಗ ಗಂಟೆಗಳನ್ನು ನಿಮ್ಮ ಕೈವೇಗಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ದಸರಾದಿಂದ ದೀಪಾವಳಿಯವರೆಗೆ ಮತ್ತು ಮಾರ್ಚ್ ಪರೀಕ್ಷೆಯ ಹೊತ್ತಿಗೆ ಗಡುವು ಒಪ್ಪಬೇಡಿ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಶಾಲಾ ದಿನಗಳು ಬಣ್ಣಕ್ಕೆ ಅತ್ಯುತ್ತಮ, ಒಣಗಲು ತಡವಾದರೂ.

"ಸ್ವಲ್ಪ ಸಹಾಯ ಮಾಡಿ" ಎಂದರೆ ಮನೆಯವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ದಿನ, ಗಂಟೆ, ಕೆಲಸ ಮೂರನ್ನೂ ಹೇಳಿ: "ಅತ್ತೆ, ಮಂಗಳವಾರ, ಗುರುವಾರ ಐದರಿಂದ ಆರೂವರೆ ತನಕ ಮಗೂನ ಪಾರ್ಕಿಗೆ ಕರ್ಕೊಂಡು ಹೋಗ್ತೀರಾ? ಹಾಲು ಕುಡಿಸಿಯೇ ಕಳಿಸ್ತೀನಿ." ಗಂಡನಿಗೋ ಹೆಂಡತಿಗೋ ಭಾನುವಾರ ಬೆಳಗಿನ ತಿಂಡಿಯನ್ನು ಪೂರ್ತಿ ಒಪ್ಪಿಸಿ, ಒಪ್ಪಿಸಿದ ಮೇಲೆ ಚಟ್ನಿಗೆ ಉಪ್ಪು ಎಷ್ಟು ಎಂದು ನೋಡಲು ಏಳಬೇಡಿ. ಗೋಡೆಯ ಮೇಲೆ 14 ಚೌಕ ಬರೆದು, ಮುಗಿದದ್ದಕ್ಕೆ ಬಣ್ಣ ತುಂಬಿ. ಕೆಲಸ ಎಲ್ಲಿಗೆ ಬಂತು ಎಂದು ಎಲ್ಲರಿಗೂ ಕಾಣುತ್ತದೆ. ಮಕ್ಕಳಿಗೆ ಚೌಕ ತುಂಬುವ ಕೆಲಸ ಕೊಡಿ.

ಅಕ್ಷರ, ಕಡತ, ಕರಾರು

ಕನ್ನಡ ಅಕ್ಷರಗಳನ್ನು ಚಿತ್ರದೊಳಗೆ ಬಣ್ಣದಲ್ಲಿ ಬರೆಯಬೇಡಿ. ಪುಸ್ತಕ ತಮಿಳಿಗೋ ಹಿಂದಿಗೋ ಹೋದರೆ ಚಿತ್ರವನ್ನೇ ಮತ್ತೆ ಮಾಡಬೇಕಾಗುತ್ತದೆ. ಮಾತಿಗೆ ಚಿತ್ರದಲ್ಲಿ ಶಾಂತವಾದ ಖಾಲಿ ಜಾಗ ಬಿಡಿ, ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು: ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಅಕ್ಷರದ ಅಳತೆಯ ಒಂದೂವರೆ ಪಟ್ಟಾದರೂ ಬೇಕು. ಯೂನಿಕೋಡ್ ಫಾಂಟನ್ನೇ ಬಳಸಿ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, "ಬಾಲೂ ತಮ್ಮ" ಈ ಮೂರು ಫಾಂಟೂ ಉಚಿತ, ಪುಸ್ತಕದಲ್ಲಿ ಬಳಸಲು ಪರವಾನಗಿಯ ತೊಡಕಿಲ್ಲ. ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ಕಂಡರೆ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಹಾಕಿ. ಪಿಡಿಎಫ್ ಮಾಡಿದ ಮೇಲೆ "ಸ್ತ್ರೀ", "ಕ್ರಿ", "ರ್ಕೆ" ಇರುವ ಪದಗಳನ್ನು ಒಂದೊಂದಾಗಿ ನೋಡಿ.

ಪರದೆಯ ಮೇಲೆ ಮಿಂಚುವ ನೀಲಿ, ಗಿಳಿಹಸಿರು, ಫ್ಲೋರೊಸೆಂಟ್ ಗುಲಾಬಿ ನಾಲ್ಕು ಬಣ್ಣದ ಅಚ್ಚಿನಲ್ಲಿ ಮಂಕಾಗುತ್ತವೆ. ಎಲ್ಲ ಚಿತ್ರ ಮುಗಿಯುವವರೆಗೆ ಕಾಯದೆ ಮೊದಲ ಜೋಡಿ ಪುಟದಲ್ಲೇ ಒಂದು ಮಾದರಿ ಮುದ್ರಣ ತೆಗೆಸಿ. ಸ್ಕ್ಯಾನ್‌ಗಳನ್ನು ಗುಣಮಟ್ಟ ಕುಗ್ಗದ ಟಿಫ್ ರೂಪದಲ್ಲಿ, ಒಂದು ಹಾರ್ಡ್ ಡಿಸ್ಕ್ ಮತ್ತು ಒಂದು ಆನ್‌ಲೈನ್ ಜಾಗ, ಎರಡು ಕಡೆ ಇಡಿ.

ಸ್ವಂತವಾಗಿ ಪ್ರಕಟಿಸುವುದಾದರೆ ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್‌ಗೆ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಲ್ಲಿ ಅರ್ಜಿ ಹಾಕಿ, ಶುಲ್ಕವಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ, ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಹಾಕುವ ಮುನ್ನ ತಿಳಿದಿರಲಿ: ಅಲ್ಲಿನ ಮುಕ್ತ ಪರವಾನಗಿಯಲ್ಲಿ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಮಾಡಿ ಮಾರಲೂಬಹುದು. ಪ್ರಕಾಶಕರ ಜೊತೆ ಕರಾರಾದರೆ ಕಥೆಗೂ ಚಿತ್ರಕ್ಕೂ ಬೇರೆಬೇರೆ ಸಾಲು ಇರಲಿ, ಮೂಲಚಿತ್ರಗಳು ನಿಮಗೆ ಮರಳಿ ಬರಬೇಕೆಂದು ಬರೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆಯಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ತಡವಾಗುವ ಸೂಚನೆ ಕಂಡ ದಿನವೇ ಸಂಪಾದಕರಿಗೆ ಎರಡು ಸಾಲು ಬರೆಯಿರಿ, ಯಾವ ಪುಟಗಳು ಮುಗಿದಿವೆ, ಉಳಿದವು ಯಾವ ತಾರೀಖಿಗೆ ಎಂದು ಹೇಳಿ. ಮುಗಿದವನ್ನು ಆಗಲೇ ಕಳಿಸಿದರೆ ಅವರ ವಿನ್ಯಾಸದ ಕೆಲಸ ನಿಲ್ಲುವುದಿಲ್ಲ.